ಐವತ್ತರ ತನಕ

ಬಾಗಿಲು ಎಳೆದುಕೊಂಡು ಬಾ ಉರ್ತ್ನಸಾನ್,
ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ,
ಗುಡ್ಡದ ಬುಡದಲ್ಲಿ ಉಲಾನ್‌ಬಾತರ್ ಇದೆಯೋ ಇಲ್ಲವೋ ಕಾಣದು.
ಕೂಸನ್ನು ತಕ್ಕಡಿಯ ಮೇಲೆ ಬೇಡ,
ಕಬ್ಬಿಣ, ಕಚ್ಚುತ್ತೆ. ನನ್ನ ತೊಡೆಯ ಮೇಲೆ ಮಲಗಿಸು.
ಎಂಟು ತಿಂಗಳು. ಹೆಸರು?
ನೆರ್ಗುಯ್. ಹೆಸರಿಲ್ಲದವನು.
ಇವನಿಗಿಂತ ಮೊದಲಿನದು ಉಳಿಯಲಿಲ್ಲ, ಅಲ್ಲವೆ?
ಸಾವು ಹೆಸರು ಹಿಡಿದು ಕೂಗಿದರೆ
ಓಗೊಡಲು ಮನೆಯಲ್ಲಿ ಯಾರೂ ಇರಬಾರದು.
ನನ್ನ ದಾಖಲೆ ಪುಸ್ತಕದಲ್ಲಿ ಇಂಥ ಹೆಸರಿಲ್ಲದವರು
ಈ ಚಳಿಗಾಲಕ್ಕೇ ಏಳು ಜನ.

ಹಣೆಗೆ ಒಲೆಯ ಮಸಿ ಹಚ್ಚಿದ್ದು ಅಜ್ಜಿಯೇ?
ಒರೆಸಬೇಡ, ಇರಲಿ.
ಕತ್ತಲಲ್ಲಿ ಎದುರಾದದ್ದು
ಇದು ಮಗುವಲ್ಲ, ಮೊಲ, ಎಂದುಕೊಂಡು ಹೋಗಲಿ.
ನಾನೂ ನನ್ನ ಮಗನಿಗೆ ಹಚ್ಚಿದ್ದೆ,
ಡಾಕ್ಟರಾದ ಮೇಲೂ, ಯಾರೂ ಕಾಣದ ಹಾಗೆ.
ಆ ಮಸಿಯ ಮೇಲೆ ನನಗೆ ಸಿಟ್ಟಿಲ್ಲ, ದುಲಮ್‌ಸುರೇನ್ ಅಜ್ಜಿ.
ನನ್ನ ಜಗಳ ಇನ್ನೊಂದರ ಜೊತೆ,
ಯಾರೂ ಹಚ್ಚದೆಯೇ ಇವನ ಎದೆಗೂಡಿನೊಳಗೆ
ದಿನಾ ಇಷ್ಟಿಷ್ಟೇ ಹತ್ತುವ ಮಸಿ.
ಮೊಲವೆಂದರೂ ಅದು ನಂಬುವುದಿಲ್ಲ.

ಕೇಳಿ. ಹೇಳುವುದು ಸುಲಭ, ನನಗೆ ಗೊತ್ತು.
ಒಲೆಗೆ ಟೈರಿನ ಚೂರು ಬೇಡ, ಹಳೇ ಬೂಟು ಬೇಡ.
ಗನ್‌ಸುಖ್, ಸಿಗರೇಟು ಹೊರಗೆ; ಮೊದಲು ಕೋಟು ಬದಲಿಸು, ಆಮೇಲೆ ಮಗು.
ಎದೆಹಾಲು ನಿಲ್ಲಿಸಬೇಡಮ್ಮ. ಕಕ್ಕಿದರೂ ಸರಿ,
ಗುಟುಕು ಗುಟುಕಾಗಿ ಮತ್ತೆ ಕೊಡು.
ನೆರೆಯವಳು ಕೊಟ್ಟ ಅರ್ಧ ಬಾಟಲಿ
ಅವಳ ಮಗನ ಕಾಯಿಲೆಗೆ. ಇವನದಕ್ಕಲ್ಲ.
ಗುಡಾರದ ನೆತ್ತಿಯ ಕಿಂಡಿ ತೆರೆಯಿರಿ,
ಗಾಳಿ ಆಡಲಿ, ಎನ್ನುತ್ತಿದ್ದೆ ಮೊದಲು.
ಈಗ ಆ ಸಾಲಿಗೆ ಬಂದಾಗ ನಾಲಗೆ ತಡೆಯುತ್ತೆ.
ತೆರೆದರೆ ಬರುವುದು
ಈ ಗುಡ್ಡದ ಸಾವಿರ ಹೊಗೆಕೊಳವೆಗಳ ಉಸಿರು.
ಅಮಾಕ್ಸಿಸಿಲಿನ್ ಬರೆದುಕೊಡಬಲ್ಲೆ.
ಗಾಳಿಯನ್ನು ಯಾವ ಚೀಟಿಯಲ್ಲಿ ಬರೆಯಲಿ,
ಯಾವ ಅಂಗಡಿಗೆ ಕಳಿಸಲಿ?

ನೋಡಿ, ನನ್ನ ಮುಂದೆಯೇ ಶುರು ಮಾಡಿಬಿಟ್ಟಿರಿ.
ಬೆಂಕಿ ಆರಲು ಬಿಟ್ಟವಳು ನೀನೆಂದು ಅವನು,
ರಾತ್ರಿಯಿಡೀ ಟ್ಯಾಕ್ಸಿಯಲ್ಲಿ ಬೆಚ್ಚಗಿದ್ದವನು ನೀನೆಂದು ಇವಳು.
ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ,
ಭಯಕ್ಕೆ ಬೇರೆ ಬಟ್ಟೆಯಿಲ್ಲ, ಸಿಟ್ಟು ತೊಟ್ಟುಕೊಂಡೇ ಬರುತ್ತೆ.
ಅದಕ್ಕೆ ಮದ್ದು ನನಗೂ ತಿಳಿಯದು;
ನನ್ನ ಮನೆಯಲ್ಲೇ ವಾಸಿಯಾಗಲಿಲ್ಲ.
ಒಬ್ಬರು ಮಲಗಿದಾಗ ಒಬ್ಬರು ಎದ್ದಿರಿ. ಸದ್ಯಕ್ಕೆ ಅಷ್ಟು.

ಬಾಗಿಲ ಬಳಿ ನಿಂತವಳು ಯಾರು?
ಬೂಟಿಗೆ ಕಲ್ಲಿದ್ದಲ ಪುಡಿ, ಎಡಗೈಗೆ ಸುಟ್ಟ ಗುರುತು.
ಸೋಲೊಂಗೊ, ಆರು ವರ್ಷ, ಒಲೆ ನೋಡಿಕೊಳ್ಳುವವಳು.
ಇವಳು ನನಗೆ ಕಂಡದ್ದು ಈಗ.
ನಿಮಗೆ?
ಕಾಯಿಲೆ ಬಿದ್ದ ಕೂಸಿನ ಮನೆಯಲ್ಲಿ ಗಟ್ಟಿಮುಟ್ಟಾದ ಮಗು
ಕೋಟು ನೇತುಹಾಕುವ ಗೂಟವಾಗಿಬಿಡುತ್ತೆ.
ಮಲಗುವ ಮುಂಚೆ ಹತ್ತು ನಿಮಿಷ,
ಒಲೆಯ ಮಾತಲ್ಲ, ತಮ್ಮನ ಮಾತಲ್ಲ, ಇವಳ ಮಾತು ಕೇಳಿ.
ಚೀಟಿಯಲ್ಲಿ ಬರೆದಿದ್ದೇನೆ, ಮೂರನೆಯದು.

ಬಾ ಸೋಲೊಂಗೊ, ಐವತ್ತರ ತನಕ ಬರುತ್ತಾ?
ತಮ್ಮನ ಹೊಟ್ಟೆ ಏರಿ ಇಳಿದರೆ ಒಂದು.
ಸೆಕೆಂಡಿನ ಮುಳ್ಳು ಒಂದು ಸುತ್ತು ಬರಲಿ.
ಐವತ್ತು ಮುಟ್ಟಿದರೆ,
ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಸೆಳೆದರೆ, ಆಗಲೇ—
ಅಯ್ಯೋ, ಯಾರಿಗೆ ಹೇಳುತ್ತಿದ್ದೇನೆ!
ಎಣಿಸಬೇಕಾದವರು ನೀವು, ಹೊತ್ತು ತರಬೇಕಾದವರು ನೀವು,
ನಡುರಾತ್ರಿಯಾದರೂ ಸರಿ.
ಇವಳು ಬರೀ ಜೊತೆಗೆ.

ಆದರೆ ಅವಳಾಗಲೇ ಶುರು ಮಾಡಿದ್ದಳು,
ತಮ್ಮನ ಹೊಟ್ಟೆಗೆ ಮೂಗು ತಾಗುವಷ್ಟು ಬಾಗಿ.
ನಲವತ್ತಾರಾದ ಮೇಲೆ ನಲವತ್ತೆಂಟು.
ಅವಳ ಲೆಕ್ಕಕ್ಕೆ ಐವತ್ತಮೂರು, ನನ್ನದಕ್ಕೆ ಐವತ್ತೆರಡು.
ನಾನು ತಿದ್ದಲಿಲ್ಲ.
ಒಂದು ಉಸಿರು ಮೊದಲೇ ಎಬ್ಬಿಸುವ ತಪ್ಪು ಅದು,
ಇರಲಿ.